ಅಲಾಸ್ಕದ ದಾರಿಯೂ ಬುಲ್ಡೋಜರಿನ ಸಾರಥಿಗಳೂ

ಕೆರೆಯನ್ನು ಕಟ್ಟಿಸಿದ ಅರಸನ ಹೆಸರೂ ಅದಕ್ಕೆ ಭೂಮಿಯನ್ನು ಬಿಟ್ಟ ದಾನಿಯ ಹೆಸರೂ ಏರಿಯ ಮೇಲಣ ಶಾಸನದಲ್ಲಿ ದೊರೆಯುವುವು. ಮಣ್ಣನ್ನು ಅಗೆದು ಹೊತ್ತವರ ಹೆಸರು ದೊರೆಯುವುದು ಅಪೂರ್ವ. ಈ ಮಾತು ಕನ್ನಡನಾಡಿನ ಕಲ್ಲುಗಳಿಗೆ ಮಾತ್ರ ಸಲ್ಲತಕ್ಕುದಲ್ಲ. ಇಪ್ಪತ್ತನೆಯ ಶತಮಾನದ ಮಹಾಮಾರ್ಗಗಳ ಚರಿತ್ರೆಯೂ ಬಹುಮಟ್ಟಿಗೆ ಇದೇ ರೀತಿಯಲ್ಲಿ ಬರೆಯಲ್ಪಟ್ಟಿತು. ಅಪ್ಪಣೆಯಿತ್ತ ಅಧ್ಯಕ್ಷನೂ ನಕ್ಷೆಯನ್ನು ಹಾಸಿಕೊಂಡು ಕುಳಿತ ಸೇನಾಪತಿಯೂ ಅಲ್ಲಿ ಮುಂದಿನ ಸಾಲಿನಲ್ಲಿರುವರು; ಮರಗಳನ್ನು ಕೆಡಹಿ ನೆಲವನ್ನು ಮಟ್ಟಮಾಡಿದ ಯಂತ್ರದ ಆಸನದಲ್ಲಿ ಕುಳಿತಿದ್ದವನಾರೆಂಬುದನ್ನು ಹುಡುಕಿ ತೆಗೆಯಬೇಕು. ಆದರೆ ಯಂತ್ರವನ್ನು ನಡೆಯಿಸಿದವರು ಮಾತ್ರ ಅದನ್ನು ಮರೆಯಲಿಲ್ಲ. ಬಿಸಿಲು ಮಳೆಗಳಿಗೆ ಮರೆಯಿಲ್ಲದ, ಕಿವಿಯನ್ನು ಕಿವುಡುಮಾಡುವ, ದಿನದ ಕೊನೆಗೆ ಬೆನ್ನೆಲುಬನ್ನೆಲ್ಲ ಕುಲುಕಿ ಬಿಡುವ ಆ ಹಳೆಯ ಬುಲ್ಡೋಜರನ್ನು ಕುರಿತು ಮುಪ್ಪಿನಲ್ಲಿ ಅವರು ಆಡುತ್ತಿದ್ದ ಮಾತು, ರೈತನು ತನ್ನ ಹಳೆಯ ಜೋಡೆತ್ತನ್ನು ನೆನೆದು ಆಡುವ ಮಾತಿನಂತಿರುತ್ತಿತ್ತು. ಇಂತಹ ಕಷ್ಟದ ಯಂತ್ರದ ಮೇಲೆ ಇಷ್ಟು ಮಮತೆ ಹೇಗೆ ಹುಟ್ಟಿತೆಂಬುದೂ, ಆ ಮಮತೆಯನ್ನು ಹೇಳಿಕೊಳ್ಳುವ ಭಾಗ್ಯ ಯಾರಿಗೆ ದೊರೆಯಿತು, ಯಾರಿಗೆ ತಪ್ಪಿತು ಎಂಬುದೂ ವಿಚಾರಮಾಡತಕ್ಕ ಸಂಗತಿಗಳು. ಇದಕ್ಕೆ ೧೯೪೨ರಲ್ಲಿ ಕೆನಡಾ ದೇಶದ ಕಾಡನ್ನು ಸೀಳಿ ಅಲಾಸ್ಕಕ್ಕೆ ಹಾಕಿದ ದಾರಿಗಿಂತ ಒಳ್ಳೆಯ ನಿದರ್ಶನ ಮತ್ತೊಂದಿಲ್ಲ.

ಮೊದಲು ಹೆಸರಿನ ವಿಷಯ. 'ಬುಲ್ಡೋಜರ್' ಎಂಬ ಶಬ್ದ ಯಂತ್ರಕ್ಕಿಂತ ಹಳೆಯದು. ಅದರ ಹುಟ್ಟು ಶುಭಕರವಾದುದಲ್ಲ. ಗೂಳಿಗೆ ತಕ್ಕಷ್ಟು ಚಾವಟಿಯೇಟು ಎಂಬ ಅರ್ಥದಿಂದ ಹೊರಟ ಈ ಶಬ್ದವು ೧೮೭೬ನೆಯ ಇಸವಿಯ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ಲೂಸಿಯಾನ ಮೊದಲಾದ ದಕ್ಷಿಣ ಸಂಸ್ಥಾನಗಳಲ್ಲಿ ಪ್ರಚಾರಕ್ಕೆ ಬಂದಿತು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಮತದ ಹಕ್ಕನ್ನು ಪಡೆದಿದ್ದ ಕಪ್ಪುಜನರನ್ನು ಹೊಡೆದು ಹೆದರಿಸಿ ಮತಗಟ್ಟೆಯಿಂದ ದೂರವಿಡುತ್ತಿದ್ದ ದುಷ್ಟರನ್ನು 'ಬುಲ್ಡೋಜರು'ಗಳೆಂದು ಕರೆಯುತ್ತಿದ್ದರು. ಎದುರಿಗಿದ್ದುದನ್ನೆಲ್ಲ ತಳ್ಳಿಕೊಂಡು ಹೋಗುವ ಯಂತ್ರಕ್ಕೆ ಆ ಹೆಸರು ಅಂಟಿದುದು ೧೯೩೦ರ ಸುಮಾರಿಗೆ. ಮಾತಿನ ಈ ಹಿಂದಿನ ಜನ್ಮವನ್ನು ಮುಂದಿನ ಕಥೆಗಾಗಿ ನೆನಪಿನಲ್ಲಿಡುವುದು ಒಳ್ಳೆಯದು.

ಯಂತ್ರದ ವಂಶಾವಳಿ ದೀರ್ಘವಾದುದಲ್ಲ. ಕ್ಯಾಲಿಫೋರ್ನಿಯದ ಸ್ಟಾಕ್ಟನ್ ಪಟ್ಟಣದ ಬಳಿಯ ಹೊಲಗಳ ಮಣ್ಣು ಕೊಳೆತ ಸಸ್ಯಗಳಿಂದಾದ ಮೆತ್ತನೆಯ ಮಣ್ಣು. ಅಲ್ಲಿ ಉಗಿಯಂತ್ರಗಳ ಚಕ್ರಗಳು ಹೂತುಹೋಗುತ್ತಿದ್ದುವು. ಚಕ್ರದ ಬದಲು ತಾನೇ ಹಾಸಿಕೊಂಡು ತಾನೇ ಸುತ್ತಿಕೊಳ್ಳುವ ಪಟ್ಟಿಯೊಂದನ್ನು ತೊಡಿಸಿ ಬೆಂಜಮಿನ್ ಹೋಲ್ಟ್ ಎಂಬಾತನು ೧೯೦೪ರ ನವೆಂಬರ್ ೨೪ರಂದು ಪರೀಕ್ಷೆ ಮಾಡಿದನು. ಅದು ಕಂಬಳಿಹುಳುವಿನಂತೆ ತೆವಳುವುದೆಂದು ಛಾಯಾಚಿತ್ರಗಾರನೊಬ್ಬನು ಹೇಳಿದ ಮಾತೇ 'ಕ್ಯಾಟರ್‌ಪಿಲ್ಲರ್' ಎಂಬ ಹೆಸರಾಯಿತೆಂದು ಪ್ರತೀತಿ. ಹೋಲ್ಟನ ಕಾರ್ಖಾನೆಯೂ ಅವನ ಪ್ರತಿಸ್ಪರ್ಧಿಯಾದ ಬೆಸ್ಟ್ ಎಂಬವನ ಕಾರ್ಖಾನೆಯೂ ೧೯೨೫ರಲ್ಲಿ ಒಂದಾದುವು. ೧೯೩೧ರಲ್ಲಿ ಡೀಸೆಲ್ ಎಂಜಿನಿನ ಟ್ರ್ಯಾಕ್ಟರು ಹೊರಬಂದಿತು. ಮುಂದುಗಡೆ ಉಕ್ಕಿನ ಬ್ಲೇಡನ್ನು ಕಟ್ಟುವ ಉಪಾಯ ಬೇರೆಯವರದು: ೧೯೨೩ರಲ್ಲಿ ಕಾನ್ಸಸ್ ಪ್ರಾಂತದ ಮಾರೋವಿಲ್ ಎಂಬ ಸಣ್ಣ ಊರಿನಲ್ಲಿ ಕಮಿಂಗ್ಸ್ ಎಂಬ ರೈತನೂ ಮೆಕ್ಲಿಯಾಡ್ ಎಂಬ ನಕ್ಷೆಗಾರನೂ ಸೇರಿ ಅಂತಹುದೊಂದನ್ನು ಮಾಡಿದರು. ಆ ಬ್ಲೇಡನ್ನು ತಂತಿಹಗ್ಗದಿಂದ ಎತ್ತಿ ಇಳಿಸುವ ವಿಧಾನವನ್ನು ಬಳಕೆಗೆ ತಂದವರಲ್ಲಿ ಸ್ಟಾಕ್ಟನ್ನಿನವನೇ ಆದ ಲಟೂರ್ನೊ ಮುಖ್ಯನು. ಹೀಗೆ ಸಿದ್ಧವಾದ ಯಂತ್ರಗಳಲ್ಲಿ ದೊಡ್ಡದು 'ಡಿ-೮'. ಬ್ಲೇಡನ್ನೂ ಸೇರಿಸಿ ೨೦ ಟನ್ನಿನ ಆಸುಪಾಸಿನ ತೂಕ, ಆರು ಸಿಲಿಂಡರಿನ ಡೀಸೆಲ್ ಎಂಜಿನು.

ಇದನ್ನು ಚಾಲೂಮಾಡುವುದೇ ಒಂದು ಕರ್ಮಕಾಂಡವಾಗಿತ್ತು. ಅಷ್ಟು ದೊಡ್ಡ ಡೀಸೆಲ್ ಎಂಜಿನನ್ನು ಕೈಯಿಂದ ತಿರುಗಿಸಲು ಮನುಷ್ಯನಿಂದ ಆಗದು. ಬ್ಯಾಟರಿಯನ್ನು ನಂಬುವ ಕಾಲವಲ್ಲ. ಆದುದರಿಂದ ದೊಡ್ಡ ಎಂಜಿನಿನ ಪಕ್ಕದಲ್ಲಿಯೇ ಎರಡು ಸಿಲಿಂಡರಿನ ಸಣ್ಣ ಪೆಟ್ರೋಲ್ ಎಂಜಿನೊಂದನ್ನು ಕೂಡಿಸಿದ್ದರು. ಚಾಲಕರು ಇದನ್ನು ಪ್ರೀತಿಯಿಂದ 'ಕುದುರೆಮರಿ' ಎಂದು ಕರೆಯುತ್ತಿದ್ದರು. ಮೊದಲು ಈ ಮರಿಯನ್ನು ಹಿಡಿಕೆಯಿಂದ ತಿರುಗಿಸಿ ಎಬ್ಬಿಸಬೇಕು. ತಪ್ಪಾಗಿ ಹಿಡಿದರೆ ಹಿಡಿಕೆ ಹಿಂದಕ್ಕೆ ಒದೆದು ಮಣಿಕಟ್ಟನ್ನು ಮುರಿಯುವುದು. ಅದು ಎದ್ದ ಮೇಲೆ ಅವಸರಪಡುವಂತಿಲ್ಲ. ಎರಡು ಎಂಜಿನುಗಳಿಗೂ ಒಂದೇ ನೀರು. ಮರಿಯ ಬಿಸಿನೀರು ತಾಯಿಯ ಒಡಲೊಳಗೆ ಹರಿದು, ಅದರ ಬಿಸಿಹೊಗೆ ತಾಯಿಯ ಉಸಿರಿನ ಕೊಳವೆಯನ್ನು ಕಾಯಿಸಬೇಕು. ಬಳಿಕ ಒತ್ತಡವನ್ನು ಬಿಡಿಸುವ ಸನ್ನೆಯನ್ನೆಳೆದು, ಮರಿಯ ಹಲ್ಲುಚಕ್ರವನ್ನು ದೊಡ್ಡ ಎಂಜಿನಿನ ಚಕ್ರಕ್ಕೆ ಕೂಡಿಸಿ, ಅದು ಕೆಲವು ನಿಮಿಷ ಬರಿದೇ ತಿರುಗುವಂತೆ ಬಿಡಬೇಕು. ಎಣ್ಣೆಯೆಲ್ಲ ಹರಿದಾಡಿತೆಂದು ತೋರಿದಾಗ ಸನ್ನೆಯನ್ನು ಮುಚ್ಚಿ ಡೀಸೆಲ್ಲನ್ನು ಬಿಟ್ಟರೆ, ಒಂದು ಕೆಮ್ಮು, ಒಂದು ಕಪ್ಪುಹೊಗೆಯ ಉಂಡೆ, ಆಮೇಲೆ ನಿಧಾನವಾದ ಗಂಭೀರ ಧ್ವನಿ. ಚಾಲಕರ ಸ್ಮರಣೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಈ ಬೆಳಗಿನ ಘಳಿಗೆಯೇ. ಗುಂಡಿಯೊತ್ತಿದೊಡನೆ ಎಚ್ಚರಗೊಳ್ಳುವ ಯಂತ್ರದ ಬಳಿ ಮನುಷ್ಯನು ಕಾದು ನಿಲ್ಲುವ ಪ್ರಸಂಗವಿಲ್ಲ. ಕಾದು ನಿಂತವನಿಗಲ್ಲದೆ ಅದರ ಸ್ವಭಾವ ತಿಳಿಯುವುದಿಲ್ಲ.

ನಡೆಯಿಸುವ ವಿದ್ಯೆಯೂ ಪುಸ್ತಕದಿಂದ ಬರುವಂತಹುದಾಗಿರಲಿಲ್ಲ. ಇದಕ್ಕೆ ಚುಕ್ಕಾಣಿಯ ಚಕ್ರವಿಲ್ಲ. ಎಡಬಲದ ಪಟ್ಟಿಗಳಿಗೆ ಒಂದೊಂದು ಕ್ಲಚ್ಚಿನ ಸನ್ನೆ, ಕಾಲಿನ ಕೆಳಗೆ ಒಂದೊಂದು ಬ್ರೇಕು. ಎಡಗಡೆಯ ಸನ್ನೆಯನ್ನೆಳೆದರೆ ಎಡಪಟ್ಟಿಗೆ ಬಲ ತಪ್ಪಿ ಯಂತ್ರವು ಎಡಕ್ಕೆ ತಿರುಗುವುದು. ಆದರೆ ಕಡಿದಾದ ಇಳಿಜಾರಿನಲ್ಲಿ ಇದೇ ಸನ್ನೆಯನ್ನೆಳೆದರೆ ಬಿಡುಗಡೆಯಾದ ಪಟ್ಟಿ ತಾನಾಗಿಯೇ ವೇಗವಾಗಿ ಉರುಳಿ ಯಂತ್ರವನ್ನು ಬಲಕ್ಕೆ, ಎಂದರೆ ಬೇಡವಾದ ದಿಕ್ಕಿಗೇ, ತಿರುಗಿಸಿಬಿಡುವುದು. ಬೆಟ್ಟದ ಅಂಚಿನಲ್ಲಿ ಈ ಸೂಕ್ಷ್ಮವನ್ನು ಮರೆತವನಿಗೆ ಎರಡನೆಯ ಪಾಠದ ಅವಕಾಶ ದೊರೆಯುವುದು ಕಷ್ಟ. ಬ್ಲೇಡಿನ ಸಂಗತಿ ಇನ್ನೂ ನಾಜೂಕಾದುದು. ಹಿಂಬದಿಯ ರಾಟೆಯಿಂದ ಹೊರಟ ತಂತಿಹಗ್ಗವು ಅದನ್ನು ಎತ್ತಬಲ್ಲುದೇ ಹೊರತು ಕೆಳಕ್ಕೆ ಒತ್ತಲಾರದು. ಬ್ಲೇಡು ತನ್ನ ತೂಕದಿಂದಲೇ ನೆಲವನ್ನು ಕಚ್ಚಬೇಕು. ಮಣ್ಣು ಗಟ್ಟಿಯಾದಾಗ ಅದು ಮೇಲೆಯೇ ಜಾರುವುದು, ಸಡಿಲವಾದಾಗ ಮಿತಿಮೀರಿ ಮುಳುಗುವುದು. ಎಷ್ಟು ಮುಳುಗಿತೆಂಬುದನ್ನು ಚಾಲಕನು ಕಣ್ಣಿನಿಂದ ನೋಡಲಾರನು. ಮುಂದೆ ಎಂಜಿನಿನ ಗೋಡೆಯೇ ಅಡ್ಡವಿರುವುದು. ಹೊಗೆಕೊಳವೆಯ ಧ್ವನಿ ತಗ್ಗಿದುದರಿಂದಲೂ ಆಸನದ ಅದುರಿನಿಂದಲೂ ಅದನ್ನು ತಿಳಿದು, ಎಂಜಿನು ಉಸಿರುಗಟ್ಟುವುದಕ್ಕೆ ಮುನ್ನ ಬೆರಳಗಲದಷ್ಟು ಹಗ್ಗವನ್ನು ಎತ್ತಿಕೊಳ್ಳಬೇಕು. ನಿಪುಣರಾದವರು ಇಂತಹ ಒರಟು ಸಾಧನದಿಂದಲೇ ನೆಲವನ್ನು ಅಂಗಳದಂತೆ ಸಮಗೊಳಿಸುತ್ತಿದ್ದರು. ವೀಣೆಯ ತಂತಿಗೂ ಈ ತಂತಿಗೂ ಹೋಲಿಕೆ ಹೇಳಿದರೆ ರಸಿಕರು ನಗಬಹುದು. ಆದರೆ ಎರಡರಲ್ಲಿಯೂ ವಿದ್ಯೆ ಬೆರಳಿನಲ್ಲಿರುವುದು ನಿಜ.

ಇನ್ನು ದಾರಿಯ ಕಥೆ. ೧೯೪೧ರ ಡಿಸೆಂಬರ್ ೭ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ಎರಗಿದ ಮೇಲೆ, ಅಲಾಸ್ಕಕ್ಕೆ ಸಮುದ್ರದ ಹಾದಿಯೊಂದನ್ನೇ ನಂಬಿಕೊಂಡಿರುವುದು ಅಪಾಯವೆಂದು ಅಮೆರಿಕಕ್ಕೆ ತೋರಿತು. ೧೯೪೨ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್ವೆಲ್ಟನು ಒಪ್ಪಿಗೆಯಿತ್ತನು. ಮಾರ್ಚಿಯಲ್ಲಿ ಕೆಲಸ ಆರಂಭವಾಯಿತು. ಕೆನಡಾದ ಡಾಸನ್ ಕ್ರೀಕಿನಿಂದ ಅಲಾಸ್ಕದ ಡೆಲ್ಟದವರೆಗೆ ಸುಮಾರು ೧,೫೦೦ ಮೈಲಿ. ನಡುವೆ ಬಹುಭಾಗ ದಾರಿಯಿಲ್ಲದ ಕಾಡು, ಜವುಗು, ಪರ್ವತ. ಏಳು ಎಂಜಿನಿಯರ್ ದಳಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಸೈನಿಕರು ಕೆಲಸಕ್ಕಿಳಿದರು. ಅವರಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ಕಪ್ಪುಜನರು. ಅಂದಿನ ಅಮೆರಿಕದ ಸೈನ್ಯದಲ್ಲಿ ಕಪ್ಪುಜನರಿಗೂ ಬಿಳಿಯರಿಗೂ ದಳಗಳು ಬೇರೆ, ಬಿಡಾರಗಳು ಬೇರೆ. ಕಪ್ಪು ದಳಗಳಿಗೆ ಅಧಿಕಾರಿಗಳು ಮಾತ್ರ ಬಿಳಿಯರು. ಅಲಾಸ್ಕದ ಸೇನಾಧಿಪತಿಯಾಗಿದ್ದ ಬಕ್ನರ್ ಎಂಬವನು, ಈ ಸೈನಿಕರು ಅಲ್ಲಿಯೇ ನೆಲೆಸಿ ಸ್ಥಳೀಯರೊಡನೆ ಬೆರೆತಾರೆಂಬ ಭಯದಿಂದ, ಅವರನ್ನು ಕಳುಹಿಸುವುದಕ್ಕೇ ಆಕ್ಷೇಪಿಸಿದನು. ಕಳುಹಿಸಿದ ಮೇಲೆ ಅವರನ್ನು ಊರುಗಳಿಂದ ದೂರವಿರಿಸಲಾಯಿತು.

ಕೆಲಸದ ಕ್ರಮ ಹೀಗಿತ್ತು. ಮೋಜಣಿದಾರರು ಮರಗಳ ಮೇಲೆ ಗುರುತು ಮಾಡುತ್ತ ಮುಂದೆ ಹೋಗುವರು. ಆ ಗುರುತನ್ನು ಹಿಡಿದು ಮೊದಲನೆಯ ಬುಲ್ಡೋಜರು ಕಾಡಿನೊಳಕ್ಕೆ ನೇರವಾಗಿ ನುಗ್ಗುವುದು. ಅದರ ಹಿಂದಿನವು ಬಿದ್ದ ಮರಗಳನ್ನು ಎಡಬಲಕ್ಕೆ ತಳ್ಳುವುವು. ಅವುಗಳ ಹಿಂದಿನವು ನೆಲವನ್ನು ಸಮಮಾಡುವುವು. ಉತ್ತರದ ಬೇಸಗೆಯಲ್ಲಿ ರಾತ್ರಿಯೆಂಬುದು ಹೆಸರಿಗೆ ಮಾತ್ರ. ಸರದಿಯ ಮೇಲೆ ಚಾಲಕರು ಬದಲಾದರೂ ಯಂತ್ರಕ್ಕೆ ವಿರಾಮವಿಲ್ಲ. ಆಸನದ ಮೇಲೆ ಮಾಡಿಲ್ಲದುದರಿಂದ, ಮರವು ಬೀಳುವಾಗ ಮುರಿದ ತುದಿಯು ಹಿಂದಕ್ಕೆ ಚಿಮ್ಮಿ ಚಾಲಕನ ತಲೆಯ ಮೇಲೆಯೇ ಬರುವ ಸಂಭವವಿತ್ತು. ಸೊಳ್ಳೆಗಳ ಕಾಟದಿಂದ ಮುಖಕ್ಕೆ ಬಲೆ ಕಟ್ಟಿಕೊಂಡು ಕೆಲಸಮಾಡಬೇಕಾಗಿತ್ತು. ಚಳಿಗಾಲ ಬಂದಾಗ ಕಷ್ಟದ ರೂಪ ಬದಲಾಯಿತು: ಫಾರನ್‌ಹೀಟಿನ ಸೊನ್ನೆಗಿಂತ ಬಹು ಕೆಳಗಿಳಿಯುವ ಚಳಿಯಲ್ಲಿ ಎಂಜಿನನ್ನು ನಿಲ್ಲಿಸಿದರೆ ಮತ್ತೆ ಏಳಿಸುವುದು ಕಷ್ಟವೆಂದು ರಾತ್ರಿಯೆಲ್ಲ ನಡೆಯುತ್ತಿರುವಂತೆಯೇ ಬಿಡುತ್ತಿದ್ದರು, ನಿಂತುಹೋದುದರ ಕೆಳಗೆ ಬೆಂಕಿಯನ್ನು ಹಾಕಿ ಎಣ್ಣೆಯನ್ನು ಕರಗಿಸುತ್ತಿದ್ದರು. ಬೀಸಣಿಗೆಯು ಎಂಜಿನಿನ ಬಿಸಿಗಾಳಿಯನ್ನು ಚಾಲಕನ ಕಡೆಗೆ ತಳ್ಳುತ್ತಿದ್ದಿತಾಗಿ, ಕ್ಯಾನ್ವಾಸಿನ ಪರದೆಯನ್ನು ಕಟ್ಟಿಕೊಂಡವನಿಗೆ ಆ ಯಂತ್ರವೇ ಅಗ್ಗಿಷ್ಟಿಕೆ. ಜುಲೈಯಲ್ಲಿ ಬೈದ ಬಿಸಿಗಾಳಿಯನ್ನು ನವೆಂಬರಿನಲ್ಲಿ ಹರಸಿದವರು ಎಷ್ಟೋ ಮಂದಿ.

ನೆಲವೂ ಒಂದು ಪಾಠವನ್ನು ಕಲಿಸಿತು. ಯೂಕಾನ್ ಪ್ರಾಂತದ ವಾಯವ್ಯ ಭಾಗದಲ್ಲಿ ಮೇಲೆ ದಪ್ಪನಾದ ಪಾಚಿ, ಅದರ ಕೆಳಗೆ ಬೇಸಗೆಯಲ್ಲಿಯೂ ಕರಗದ ಹೆಪ್ಪುಗಟ್ಟಿದ ಮಣ್ಣು. ಚಾಲಕರು ರೂಢಿಯಂತೆ ಪಾಚಿಯನ್ನು ಬ್ಲೇಡಿನಿಂದ ಕೆರೆದುಹಾಕಿದರು. ಕಂಬಳಿಯಂತೆ ನೆಲದ ಚಳಿಯನ್ನು ಕಾಪಾಡುತ್ತಿದ್ದ ಹೊದಿಕೆ ಹೋದೊಡನೆ ಬಿಸಿಲು ತಾಗಿ ಕೆಳಗಿನದು ಕರಗಿತು. ದಾರಿಯೆಂದು ಬಗೆದುದು ಕೆಸರಿನ ಕಾಲುವೆಯಾಯಿತು. ಬುಲ್ಡೋಜರುಗಳು ಹೊಟ್ಟೆಯವರೆಗೆ ಹೂತುವು. ಕಡೆಗೆ ತಿಳಿದುಬಂದ ಉಪಾಯವೆಂದರೆ ಪಾಚಿಯನ್ನು ಮುಟ್ಟದೆ ಬಿಟ್ಟು, ಮರಗಳನ್ನು ಕೈಯಿಂದ ಕಡಿದು ಅಡ್ಡಡ್ಡವಾಗಿ ಹಾಸಿ, ಅದರ ಮೇಲೆ ಮಣ್ಣನ್ನು ಹರಡುವುದು. ಬಲವುಳ್ಳ ಯಂತ್ರದ ಸಾರಥಿಯು ಅಲ್ಲಿ ಕಲಿಯಬೇಕಾದುದು ಬ್ಲೇಡನ್ನು ಇಳಿಸದೆ ಇರುವುದನ್ನು.

ದಕ್ಷಿಣದ ತುದಿಯಲ್ಲಿ ನಡೆದುದು ಬೇರೆಯ ಪಾಠ. ಡಾಸನ್ ಕ್ರೀಕಿಗೆ ಬಂದಿಳಿದ ೯೫ನೆಯ ದಳವು ಕಪ್ಪುಜನರದು. ಭಾರೀ ಯಂತ್ರಗಳನ್ನು ನಡೆಯಿಸಿ ಅನುಭವವಿದ್ದವರು ಅದರಲ್ಲಿದ್ದರು. ಅದೇ ಭಾಗಕ್ಕೆ ಬಂದಿದ್ದ ೩೪೧ನೆಯ ದಳ ಬಿಳಿಯರದು, ಅನುಭವದಲ್ಲಿ ಕಿರಿದು. ಆದರೂ ೯೫ನೆಯ ದಳದ ಬುಲ್ಡೋಜರುಗಳು ೩೪೧ನೆಯದರ ಪಾಲಾದುವು. ಯಂತ್ರವನ್ನು ಬಲ್ಲವರ ಕೈಗೆ ಗುದ್ದಲಿ, ಸಲಿಕೆ, ಕೊಡಲಿಗಳು ಬಂದುವು. ಬಿಳಿಯರು ಸೀಳಿಕೊಂಡು ಹೋದ ದಾರಿಯ ಹಿಂದೆ ಕುಣಿ ಮುಚ್ಚುವುದೂ ಮೋರಿ ಕಟ್ಟುವುದೂ ಅವರ ಕೆಲಸವಾಯಿತು. ಅವಮಾನದ ವಿಷಯದಲ್ಲಿ ಮಾತು ಬೆಳೆಯಿಸಬೇಕಾದುದಿಲ್ಲ. ಕುಶಲನಾದ ಕೆಲಸಗಾರನಿಂದ ಅವನ ಆಯುಧವನ್ನು ಕಿತ್ತುಕೊಳ್ಳುವುದೆಂದರೇನೆಂಬುದು, ಬಾಚಿಯನ್ನು ಕಳೆದುಕೊಂಡ ಬಡಗಿಯನ್ನು ಕಂಡವರಿಗೆ ಗೊತ್ತು.

ಈ ದಳದ ನಾಯಕತ್ವಕ್ಕೆ ಬಂದ ಟ್ವಿಚೆಲ್ ಎಂಬ ಅಧಿಕಾರಿಗೆ ತನ್ನ ಸೈನಿಕರ ಮನಸ್ಸು ಕುಗ್ಗಿದ ಕಾರಣ ತಿಳಿಯದೆ ಹೋಗಲಿಲ್ಲ. ಸಿಕಾನಿ ಚೀಫ್ ಎಂಬ ವೇಗದ ನದಿಗೆ ಸುಮಾರು ೩೦೦ ಅಡಿಯ ಸೇತುವೆಯನ್ನು ಕಟ್ಟುವ ಕೆಲಸವನ್ನು ೧೯೪೨ರ ಜುಲೈಯಲ್ಲಿ ಅವರಿಗೆ ದೊರಕಿಸಿದನು. ಐದು ದಿನದೊಳಗೆ ಮುಗಿಸುವೆವೆಂದು ಸೈನಿಕರು ತಮ್ಮ ಸಂಬಳವನ್ನೇ ಪಣವಾಗಿಟ್ಟರೆಂದು ಹೇಳುವರು. ಹತ್ತಿರದ ಕಾಡಿನ ಮರಗಳನ್ನು ಕೊಡಲಿ ಗರಗಸಗಳಿಂದಲೇ ಕಡಿದು ಕೊಯ್ದು, ಹಿಮ ಕರಗಿದ ನೀರಿನಲ್ಲಿ ಎದೆಯವರೆಗೆ ನಿಂತು ಕಂಬಗಳನ್ನು ನೆಟ್ಟು, ಕತ್ತಲಾದಾಗ ಬೆಂಕಿಯ ಬೆಳಕಿನಲ್ಲಿಯೂ ಲಾರಿಗಳ ದೀಪದ ಬೆಳಕಿನಲ್ಲಿಯೂ ಕೆಲಸ ಸಾಗಿಸಿ, ನಾಲ್ಕು ದಿನ ತುಂಬುವುದಕ್ಕೆ ಮೊದಲೇ ಸೇತುವೆಯನ್ನು ನಿಲ್ಲಿಸಿದರು. ಹಾಡಿಕೊಂಡು ಕೆಲಸಮಾಡಿದರೆಂದೂ ಹೇಳಿಕೆಯುಂಟು. ಆ ಸೇತುವೆಯ ಮೇಲೆ ಮುಂದೆ ದಾಟಿಹೋದ ಬುಲ್ಡೋಜರುಗಳಲ್ಲಿ ಅವರವೇ ಆಗಬೇಕಾಗಿದ್ದುವು ಎಷ್ಟಿದ್ದುವೋ.

ಉತ್ತರದಲ್ಲಿ ೯೭ನೆಯ ದಳದವರು ಅದೃಷ್ಟದಲ್ಲಿ ಅಷ್ಟು ಹಿಂದುಳಿದಿರಲಿಲ್ಲ. ಅವರೂ ಕಪ್ಪುಜನರೇ, ಆದರೆ ಅವರ ಕೈಯಲ್ಲಿ ಯಂತ್ರಗಳಿದ್ದುವು. ಅಲಾಸ್ಕದ ಕಡೆಯಿಂದ ಅವರು ಕಾಡನ್ನು ಕಡಿಯುತ್ತ ಆಗ್ನೇಯಕ್ಕೆ ಬರುತ್ತಿದ್ದರು. ಯೂಕಾನಿನ ವೈಟ್‌ಹಾರ್ಸಿನ ಕಡೆಯಿಂದ ೧೮ನೆಯ ದಳದ ಬಿಳಿಯರು ವಾಯವ್ಯಕ್ಕೆ ಹೋಗುತ್ತಿದ್ದರು. ೧೯೪೨ರ ಅಕ್ಟೋಬರ್ ೨೫ರಂದು, ಬೀವರ್ ಕ್ರೀಕ್ ಎಂಬಲ್ಲಿಗೆ ಸಮೀಪದಲ್ಲಿ, ೯೭ನೆಯ ದಳದ ಕಾರ್ಪೊರಲ್ ರಿಫೈನ್ಸ್ ಸಿಮ್ಸನು ತನ್ನ ಬುಲ್ಡೋಜರನ್ನು ನಡೆಯಿಸುತ್ತಿರಲು, ಎದುರಿನ ಮರಗಳು ತಾವಾಗಿಯೇ ತನ್ನ ಮೇಲೆ ವಾಲುತ್ತಿರುವುದನ್ನು ಕಂಡನು. ಯಂತ್ರವನ್ನು ತಟಕ್ಕನೆ ಹಿಂದಕ್ಕೆ ತೆಗೆದುಕೊಂಡನು. ಮರುಕ್ಷಣವೇ ಪೊದೆಗಳನ್ನು ತುಳಿದುಕೊಂಡು ಮತ್ತೊಂದು ಬುಲ್ಡೋಜರು ಹೊರಬಂದಿತು. ಅದರ ಮೇಲಿದ್ದವನು ಟೆಕ್ಸಸಿನ ಆಲ್ಫ್ರೆಡ್ ಜಲುಫ್ಕಾ ಎಂಬ ಬಿಳಿಯ ಸಿಪಾಯಿ. ಹೀಗೆ ದಾರಿಯ ಎರಡು ತುದಿಗಳೂ ಕೂಡಿದುವು. ಇಬ್ಬರು ಚಾಲಕರೂ ತಮ್ಮ ಯಂತ್ರಗಳ ಮೇಲಿನಿಂದಲೇ ಬಾಗಿ ಕೈಕುಲುಕುತ್ತಿರುವ ಛಾಯಾಚಿತ್ರ ಬಹು ಪ್ರಸಿದ್ಧವಾಯಿತು. ನವೆಂಬರ್ ೨೦ರಂದು ಕ್ಲುಆನೆ ಸರೋವರದ ಬಳಿ ದಾರಿಯನ್ನು ತೆರೆದ ಸಮಾರಂಭದಲ್ಲಿ ಪಟ್ಟಿಯನ್ನು ಹಿಡಿದು ನಿಂತ ನಾಲ್ವರಲ್ಲಿ ಇಬ್ಬರು ಬಿಳಿಯರು, ಇಬ್ಬರು ಕಪ್ಪುಜನರು. ಸಿಮ್ಸನೂ ಜಲುಫ್ಕನೂ ಅವರಲ್ಲಿದ್ದರು. ಛಾಯಾಚಿತ್ರಕ್ಕಾಗಿ ಒಂದು ದಿನ ಸಮಾನರಾಗಿ ನಿಂತವರು ಬಿಡಾರಕ್ಕೆ ಹಿಂದಿರುಗಿದುದು ಬೇರೆ ಬೇರೆಯಾಗಿಯೇ.

ಯುದ್ಧಕಾಲದಲ್ಲಿ ಈ ಯಂತ್ರವು ಭಾರತಕ್ಕೂ ಬಂದಿತು. ಅಸ್ಸಾಮಿನ ಲೇಡೊ ಎಂಬಲ್ಲಿಂದ ಬರ್ಮಾದ ಮೂಲಕ ಚೀನಾಕ್ಕೆ ಹಾಕಿದ ದಾರಿಯಲ್ಲಿ ದುಡಿದ ಸುಮಾರು ೧೫,೦೦೦ ಅಮೆರಿಕನ್ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪುಜನರೇ. ಅವರ ಜೊತೆಗೆ ಸಾವಿರಾರು ಮಂದಿ ಭಾರತೀಯ ಕೂಲಿಗಳು. ಮುಂಚೂಣಿಯ ಬುಲ್ಡೋಜರು ಬರ್ಮಾದ ಗಡಿಯನ್ನು ಮುಟ್ಟಿದುದು ೧೯೪೩ರ ಫೆಬ್ರವರಿ ೨೮ರಂದು. ಇಲ್ಲಿ ಹಿಮದ ಬದಲು ಮಳೆ, ಚಳಿಯ ಬದಲು ಮಲೇರಿಯ; ಕೆಸರು ಮಾತ್ರ ಎರಡು ಕಡೆಯೂ ಒಂದೇ. ಮತ್ತೊಂದು ಕವಲು ಕನ್ನಡನಾಡಿನವರೆಗೂ ಬಂದಿದೆ. ೧೯೪೧ರ ಕೊನೆಯಲ್ಲಿ ವೇಕ್ ದ್ವೀಪವನ್ನು ಹಿಡಿದ ಜಪಾನೀಯರಿಗೆ ಅಮೆರಿಕದ ಬುಲ್ಡೋಜರುಗಳು ಕೈಸೇರಿದುವು. ಅದರ ಬಲವನ್ನು ಕಂಡ ಜಪಾನಿನ ನೌಕಾಪಡೆಯ ಆಜ್ಞೆಯಂತೆ ಕೊಮಾಟ್ಸು ಕಾರ್ಖಾನೆಯು ೧೯೪೩ರಲ್ಲಿ ಆ ದೇಶದ ಮೊದಲನೆಯ ಬುಲ್ಡೋಜರನ್ನು ತಯಾರಿಸಿತು. ೧೯೬೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯು ಅದೇ ಕೊಮಾಟ್ಸುವಿನ ಸಹಯೋಗದಿಂದ ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ ಬುಲ್ಡೋಜರುಗಳನ್ನು ಮಾಡಿತು. ಪಾತಾಳದಲ್ಲಿ ಕೈಯಿಂದ ಬಂಡೆ ಒಡೆಯುವವರ ಊರಿನಲ್ಲಿಯೇ ನೆಲದ ಮೇಲಣ ಮಣ್ಣನ್ನು ತಳ್ಳುವ ಯಂತ್ರವು ಹುಟ್ಟಿದುದು ವಿಚಿತ್ರವಾದ ಯೋಗ.

ಯುದ್ಧಾನಂತರದ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಯಂತ್ರದ ಸ್ವರೂಪ ಬದಲಾಯಿತು. ತಂತಿಹಗ್ಗದ ಬದಲು ಎಣ್ಣೆಯ ಒತ್ತಡದಿಂದ ನಡೆಯುವ ತೋಳುಗಳು ಬಂದು ಬ್ಲೇಡನ್ನು ಕೆಳಕ್ಕೆ ಒತ್ತುವುದೂ ಸಾಧ್ಯವಾಯಿತು. ಕುದುರೆಮರಿಯ ಸ್ಥಳದಲ್ಲಿ ವಿದ್ಯುತ್ತು ಬಂದಿತು. ಮಗುಚಿದರೂ ಚಾಲಕನನ್ನು ಉಳಿಸುವ ಉಕ್ಕಿನ ಮಾಡು ಬಂದಿತು. ಇವೆಲ್ಲ ಒಳ್ಳೆಯವೇ, ಹಳೆಯ ಚಾಲಕರಲ್ಲಿ ಮಗನನ್ನು ಅದೇ ಕೆಲಸಕ್ಕೆ ಕಳುಹಿಸಿದವರಾರೂ ಹಳೆಯ ಯಂತ್ರವೇ ಬೇಕೆಂದಿರಲಾರರು. ಆದರೂ ಅಮೆರಿಕದ ಓಹಾಯೊ ಪ್ರಾಂತದ ಬೌಲಿಂಗ್ ಗ್ರೀನಿನಲ್ಲಿ ಹಳೆಯ ನಿರ್ಮಾಣಯಂತ್ರಗಳನ್ನು ಕಾಪಾಡುವುದಕ್ಕಾಗಿಯೇ ಒಂದು ಸಂಘವೂ ವಸ್ತುಸಂಗ್ರಹಾಲಯವೂ ಇವೆ. ತುಕ್ಕು ಹಿಡಿದ ಡಿ-೮ಗಳನ್ನು ಪೊದೆಗಳಿಂದ ಎಳೆದುತಂದು, ವರ್ಷಗಟ್ಟಲೆ ಶ್ರಮಪಟ್ಟು, ಮತ್ತೆ ನಡೆಯುವಂತೆ ಮಾಡುವವರು ಇರುವರು. ಇಂತಹ ಯಂತ್ರಗಳು ಕೂಡಿದ ಮೇಳಗಳಲ್ಲಿ ಮುದುಕರಿಗೆ ಕೈಗಳು ತಾವಾಗಿಯೇ ಸನ್ನೆಗಳ ಕಡೆಗೆ ಹೋಗುವುವು. ಯಂತ್ರವು ಎಷ್ಟನ್ನು ತಾನು ಮಾಡದೆ ಮನುಷ್ಯನಿಗೆ ಬಿಟ್ಟಿತ್ತೋ ಅಷ್ಟೂ ಅವರದೇ ಸ್ವತ್ತಾಗಿ ಉಳಿಯಿತು; ಅವರ ಪ್ರೀತಿಯ ಬೇರು ಅಲ್ಲಿರುವಂತೆ ತೋರುವುದು.

ಆದರೆ ಆ ಸ್ವತ್ತನ್ನು ಸಂಪಾದಿಸುವ ಅವಕಾಶವೇ ತಪ್ಪಿದವರ ನೆನಪು ಬೇರೆಯ ತೆರನಾದುದು. ಸೈನ್ಯದಲ್ಲಿ ವರ್ಣಭೇದವನ್ನು ತೊಡೆಯುವಂತೆ ಅಧ್ಯಕ್ಷ ಟ್ರೂಮನ್ನನ ಆಜ್ಞೆ ಹೊರಟುದು ೧೯೪೮ರ ಜುಲೈ ೨೬ರಂದು. ಅಲಾಸ್ಕದ ದಾರಿಯ ಚರಿತ್ರೆಯಲ್ಲಿಯೋ ಕಪ್ಪು ದಳಗಳ ಪ್ರಸ್ತಾಪ ಬಹುಕಾಲ ಅಲ್ಪವಾಗಿಯೇ ಇತ್ತು. ಅವರ ಮಾತುಗಳನ್ನು ಆಸಕ್ತಿಯಿಂದ ಬರೆದುಕೊಳ್ಳುವವರು ಬರುವ ಹೊತ್ತಿಗೆ ಎಷ್ಟೋ ಮಂದಿ ತೀರಿಕೊಂಡಿದ್ದರು. ೧೯೯೩ರಲ್ಲಿ ಅಲಾಸ್ಕದ ಗರ್ಸ್ಟಲ್ ನದಿಯ ಸೇತುವೆಗೆ ಕಪ್ಪು ಯೋಧರ ಸ್ಮಾರಕ ಸೇತುವೆಯೆಂದು ಹೆಸರಿಟ್ಟರು. ೨೦೧೭ರಲ್ಲಿ, ಸಿಮ್ಸನೂ ಜಲುಫ್ಕನೂ ಎದುರಾದ ಅಕ್ಟೋಬರ್ ೨೫ನ್ನು ಆ ಸೈನಿಕರ ಸ್ಮರಣೆಯ ದಿನವೆಂದು ಅಲಾಸ್ಕ ಸಂಸ್ಥಾನವು ಶಾಸನಮಾಡಿತು. ಸಿಕಾನಿ ನದಿಯ ಮೇಲೆ ೯೫ನೆಯ ದಳದವರು ಕೊಡಲಿಯಿಂದ ಕಡಿದು ನಿಲ್ಲಿಸಿದ್ದ ಮರದ ಸೇತುವೆಯು ೧೯೪೩ರಲ್ಲಿಯೇ ಶಾಶ್ವತವಾದ ಸೇತುವೆಗೆ ಎಡೆಗೊಟ್ಟಿತ್ತು.